ಮನೆಯಲ್ಲೇ ಸ್ಪೀಕರ್ ವಿನ್ಯಾಸಕ್ಕೆ ಯಾವ ಸಾಫ್ಟ್‌ವೇರ್? ಕೈಯಲ್ಲಿರುವ ಅಳತೆ ನೋಡಿ ಆರಿಸಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಒಂದು ಜೊತೆ ವೂಫರ್ (ಬೇಸ್ ನುಡಿಸುವುದು), ಒಂದು ಜೊತೆ ಟ್ವೀಟರ್ (ಮೇಲಿನ ಸ್ವರ ನುಡಿಸುವುದು) ಹೊತ್ತು ತಂದವರು ಮೊದಲು ಕೇಳುವುದು ‘ಯಾವ ಸಾಫ್ಟ್‌ವೇರ್ ಒಳ್ಳೆಯದು?’ ಎಂದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಡ್ರೈವರುಗಳ (ವೂಫರ್, ಟ್ವೀಟರ್ ಎರಡಕ್ಕೂ ಇದೇ ಹೆಸರು) ಬಗ್ಗೆ ನಿಮ್ಮ ಕೈಯಲ್ಲಿ ಯಾವ ಅಂಕಿಗಳಿವೆ? ಬರೀ ತಯಾರಕರ ಡೇಟಾಶೀಟ್ ಇದೆಯೇ, ನೀವೇ ಅಳೆದ ಇಂಪೀಡೆನ್ಸ್ (ಆವರ್ತನಕ್ಕೆ ತಕ್ಕಂತೆ ಬದಲಾಗುವ ವಿದ್ಯುತ್ ರೋಧ) ಇದೆಯೇ, ಮೈಕ್ ಇಟ್ಟು ತೆಗೆದ ಗ್ರಾಫ್ ಇದೆಯೇ? ಈ ಕೆಲಸಕ್ಕೆ ಬೇಕಾದ ಒಳ್ಳೆಯ ಸಾಫ್ಟ್‌ವೇರ್ ಬಹುಪಾಲು ಉಚಿತವಾಗಿಯೇ ಸಿಗುತ್ತದೆ. ಹಾಗಾಗಿ ಆಯ್ಕೆ ನಿಲ್ಲುವುದು ದುಡ್ಡಿನ ಮೇಲಲ್ಲ, ಅಳತೆಯ ಮೇಲೆ. ಅಳತೆ ಇಲ್ಲದವರ ಕೈಯಲ್ಲಿ ಎಲ್ಲಕ್ಕಿಂತ ಬಲವಾದ ಸಾಫ್ಟ್‌ವೇರ್ ಕೊಟ್ಟರೂ ಅದು ಚೆಂದದ, ಆದರೆ ಸುಳ್ಳು ಗ್ರಾಫನ್ನೇ ತೋರಿಸುತ್ತದೆ.

ಕೆಲಸದಲ್ಲಿ ಮೂರು ಭಾಗಗಳಿವೆ. ಪೆಟ್ಟಿಗೆ ಎಷ್ಟು ಲೀಟರ್, ಪೋರ್ಟ್ (ಪೆಟ್ಟಿಗೆಗೆ ಕೂರಿಸುವ ಗಾಳಿಯ ಪೈಪು) ಎಷ್ಟು ಉದ್ದ ಎಂಬುದು ಒಂದು. ಡ್ರೈವರನ್ನು ಅಳೆಯುವುದು ಇನ್ನೊಂದು. ಬೇಸನ್ನು ವೂಫರಿಗೆ, ಮೇಲಿನ ಸ್ವರವನ್ನು ಟ್ವೀಟರಿಗೆ ಹಂಚಿ ಎರಡನ್ನೂ ಜೋಡಿಸುವ ಕ್ರಾಸ್‌ಓವರ್ ಮೂರನೆಯದು. ಇವು ಮೂರನ್ನೂ ಒಂದೇ ಸಾಫ್ಟ್‌ವೇರಿನಲ್ಲಿ ಮುಗಿಸುತ್ತೇನೆಂದು ಹೊರಡುವುದಕ್ಕಿಂತ ಒಂದೊಂದಕ್ಕೆ ಒಗ್ಗಿದ್ದನ್ನು ಬಳಸುವುದು ಮೇಲು.

ಪೆಟ್ಟಿಗೆಗೆ: ವಿನ್‌ಐಎಸ್‌ಡಿಯೋ ಹಾರ್ನ್‌ರೆಸ್ಪೋ?

ವಿನ್‌ಐಎಸ್‌ಡಿ, ಹಾರ್ನ್‌ರೆಸ್ಪ್ ಎರಡೂ ಪೆಟ್ಟಿಗೆಯ ಲೆಕ್ಕ ಹಾಕುವ ಉಚಿತ ಸಾಫ್ಟ್‌ವೇರುಗಳು. ಪೆಟ್ಟಿಗೆಯ ಲೆಕ್ಕವೆಲ್ಲ ನಿಂತಿರುವುದು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಮಂಡಿಸಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಬೆಳೆಸಿದ ಗಣಿತದ ಮೇಲೆ. ಇಬ್ಬರ ಹೆಸರಿನಿಂದಲೇ ಡ್ರೈವರಿನ ಅಂಕಿಗಳನ್ನು ಟಿ/ಎಸ್ ಎಂದು ಕರೆಯುತ್ತಾರೆ. ಎಲ್ಲ ಸಾಫ್ಟ್‌ವೇರುಗಳೂ ಅದೇ ಗಣಿತ ಮಾಡುವುದರಿಂದ ಮುಚ್ಚಿದ ಪೆಟ್ಟಿಗೆ, ಪೋರ್ಟ್ ಪೆಟ್ಟಿಗೆ ಇವೆರಡಕ್ಕೂ ಉತ್ತರ ಎಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ ಬರುತ್ತದೆ. ವ್ಯತ್ಯಾಸ ಇರುವುದು ಅಂಕಿ ತುಂಬುವ ಬಗೆಯಲ್ಲಿ, ಮತ್ತು ಯಾವುದನ್ನು ಕಣ್ಣಿಗೆ ಬೀಳುವಂತೆ ತೋರಿಸುತ್ತದೆ ಎಂಬುದರಲ್ಲಿ.

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಆರೂವರೆ ಇಂಚಿನ ವೂಫರ್. ಎಫ್‌ಎಸ್ (ಡ್ರೈವರಿನ ಅಲುಗುವ ಬಟ್ಟಲು, ಅಂದರೆ ಕೋನ್, ತಾನಾಗಿ ಕಂಪಿಸುವ ಆವರ್ತನ) 45 ಹರ್ಟ್ಸ್, ಆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂದು ಹೇಳುವ ಕ್ಯೂಟಿಎಸ್ 0.38, ಅದರ ವಿದ್ಯುತ್ ಭಾಗ ಕ್ಯೂಇಎಸ್ 0.42, ಯಾಂತ್ರಿಕ ಭಾಗ ಕ್ಯೂಎಂಎಸ್ 4, ವಿಎಎಸ್ (ಕೋನಿನ ಆಸರೆಯಷ್ಟೇ ಸ್ಪ್ರಿಂಗಿನಂತೆ ವರ್ತಿಸುವ ಗಾಳಿಯ ಗಾತ್ರ) 24 ಲೀಟರ್, ಕೋನಿನ ವಿಸ್ತೀರ್ಣ 132 ಚದರ ಸೆಂ.ಮೀ., ಕಾಯಿಲಿನ ಡಿಸಿ ರೋಧ 6 ಓಮ್. ಮುಚ್ಚಿದ ಪೆಟ್ಟಿಗೆಯಲ್ಲಿ ಕ್ಯೂಟಿಸಿ (ಪೆಟ್ಟಿಗೆಗೆ ಹಾಕಿದ ಮೇಲಿನ ಕ್ಯೂ) 0.707 ಬೇಕೆಂದರೆ 9.75 ಲೀಟರ್ ಸಾಕು, ಆದರೆ ಬೇಸ್ 84 ಹರ್ಟ್ಸಿನಲ್ಲೇ 3 ಡೆಸಿಬೆಲ್ ಇಳಿದಿರುತ್ತದೆ. ಅದೇ ವೂಫರನ್ನು 22 ಲೀಟರ್ ಪೆಟ್ಟಿಗೆಗೆ ಹಾಕಿ ಪೋರ್ಟನ್ನು 45 ಹರ್ಟ್ಸಿಗೆ ಹೊಂದಿಸಿದರೆ ಸುಮಾರು 45 ಹರ್ಟ್ಸಿನವರೆಗೂ ಇಳಿಯುತ್ತದೆ. ಗಾತ್ರ ಎರಡು ಪಟ್ಟಿಗಿಂತ ಹೆಚ್ಚು, ಬೇಸ್ ಹತ್ತಿರ ಹತ್ತಿರ ಒಂದು ಆಕ್ಟೇವ್ ಕೆಳಗೆ. ಈ ಕೊಡು-ಕೊಳ್ಳುವಿಕೆಯನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಲು ವಿನ್‌ಐಎಸ್‌ಡಿಗಿಂತ ಸುಲಭದ್ದು ಇಲ್ಲ.

ವಿನ್‌ಐಎಸ್‌ಡಿಯಲ್ಲಿ ಹೊಸಬರು ಎಡವುವುದು ಡ್ರೈವರಿನ ಅಂಕಿ ತುಂಬುವಾಗ. ಟಿ/ಎಸ್ ಅಂಕಿಗಳು ಒಂದಕ್ಕೊಂದು ಗಣಿತದಿಂದ ಕಟ್ಟಿಬಿದ್ದಿವೆ. ಡೇಟಾಶೀಟಿನಲ್ಲಿ ದಶಾಂಶ ಕತ್ತರಿಸಿ ಮುದ್ರಿಸಿದ ಎಲ್ಲ ಅಂಕಿಗಳನ್ನೂ ಒಂದೊಂದಾಗಿ ತುಂಬಿದರೆ ಅವು ಪರಸ್ಪರ ತಾಳೆಯಾಗದೆ ಸಾಫ್ಟ್‌ವೇರ್ ತಕರಾರು ತೆಗೆಯುತ್ತದೆ. ಎಫ್‌ಎಸ್, ಕ್ಯೂಇಎಸ್, ಕ್ಯೂಎಂಎಸ್, ವಿಎಎಸ್, ಡಿಸಿ ರೋಧ, ಕೋನಿನ ವಿಸ್ತೀರ್ಣ ಇವಿಷ್ಟನ್ನು ಮಾತ್ರ ತುಂಬಿ. ಕ್ಯೂಟಿಎಸ್, ಬಿಎಲ್ (ಅಯಸ್ಕಾಂತ-ಕಾಯಿಲಿನ ಬಲ), ಚಲಿಸುವ ದ್ರವ್ಯರಾಶಿ ಇವನ್ನು ಅದೇ ಲೆಕ್ಕ ಹಾಕಿಕೊಳ್ಳಲಿ. ಬಂದ ಬಿಎಲ್ ಡೇಟಾಶೀಟಿನ ಬಿಎಲ್‌ಗೆ ಹತ್ತಿರವಿದ್ದರೆ ಶೀಟ್ ನಂಬಬಹುದು. ಶೇಕಡ 15ರಷ್ಟು ದೂರ ಹೋದರೆ ಆ ಶೀಟಿನಲ್ಲಿ ಏನೋ ತಪ್ಪಿದೆ ಎಂದೇ ತಿಳಿಯಿರಿ. ವಾಯ್ಸ್ ಕಾಯಿಲಿನ ಇಂಡಕ್ಟೆನ್ಸ್ ತುಂಬಿದರಷ್ಟೇ ಸಾಲದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಗುರುತನ್ನೂ ಹಾಕಬೇಕು. ಸಬ್‌ವೂಫರಿಗೆ ಇದು ಮುಖ್ಯ.

ಪೋರ್ಟಿನ ವಿಷಯದಲ್ಲಿ ನಮ್ಮ ಊರಿನ ಪ್ಲಂಬಿಂಗ್ ಅಂಗಡಿ ಒಂದು ಬಲೆ ಒಡ್ಡುತ್ತದೆ. ಪಿವಿಸಿ ಪೈಪನ್ನು ಹೊರಗಿನ ವ್ಯಾಸದಿಂದ ಕರೆಯುತ್ತಾರೆ. ಸಾಫ್ಟ್‌ವೇರ್ ಕೇಳುವುದು ಒಳಗಿನ ವ್ಯಾಸ. 75 ಮಿ.ಮೀ. ಪೈಪಿನ ಒಳವ್ಯಾಸ ಅದರ ಗೋಡೆ ಎಷ್ಟು ದಪ್ಪ ಎಂಬುದರ ಮೇಲೆ ಹೋಗುತ್ತದೆ, 70 ಎಂದಿಟ್ಟುಕೊಳ್ಳಿ. 22 ಲೀಟರಿಗೆ, 45 ಹರ್ಟ್ಸಿಗೆ ಬೇಕಾದ ಉದ್ದ 20.8 ಸೆಂ.ಮೀ. ತಪ್ಪಿ 75 ಎಂದೇ ತುಂಬಿದರೆ ಸಾಫ್ಟ್‌ವೇರ್ 24.3 ಸೆಂ.ಮೀ. ಎನ್ನುತ್ತದೆ. ಅದನ್ನು ಕತ್ತರಿಸಿ ಹಾಕಿದರೆ ಪೆಟ್ಟಿಗೆ ಹೊಂದಿಕೊಳ್ಳುವುದು 42 ಹರ್ಟ್ಸಿಗೆ. ಅಂಗಡಿಗೆ ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಹೋಗಿ.

ಪೋರ್ಟಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 17 ಮೀಟರ್ ದಾಟದಂತೆ ನೋಡಿಕೊಳ್ಳುವುದು ಹಳೆಯ ರೂಢಿ, ಅದು ತಪ್ಪಲ್ಲ. ವಿನ್‌ಐಎಸ್‌ಡಿಯಲ್ಲಿ ಆ ಗ್ರಾಫ್ ನೋಡುವ ಮುಂಚೆ ನೀವು ನಿಜವಾಗಿ ಕೊಡುವ ವ್ಯಾಟ್ ತುಂಬಿ. ಒಂದು ವ್ಯಾಟಿನಲ್ಲೇ ಬಿಟ್ಟು ನೋಡಿದರೆ ಎಲ್ಲ ಪೋರ್ಟೂ ಒಳ್ಳೆಯದೇ. 50 ಮಿ.ಮೀ. ಒಳವ್ಯಾಸದ ಪೈಪು ಇದೇ ಪೆಟ್ಟಿಗೆಗೆ 9.6 ಸೆಂ.ಮೀ. ಸಾಕು, ಸಣ್ಣದು, ಅಗ್ಗ. ಆದರೆ ಅದರ ಬಾಯಿ 70 ಮಿ.ಮೀ. ಪೈಪಿನ ಅರ್ಧ, ಹಾಗಾಗಿ ಗಾಳಿಯ ವೇಗ ಇಮ್ಮಡಿ. ಬೇಸ್ ಜೋರಾದಾಗ ‘ಪುಸ್’ ಎನ್ನುವುದು ಕೇಳಿಸುತ್ತದೆ. ದಪ್ಪ ಪೈಪಿಗೂ ಒಂದು ದೋಷವಿದೆ: ಉದ್ದವಾದಷ್ಟೂ ಪೈಪು ತನ್ನದೇ ಸ್ವರದಲ್ಲಿ ಕೊಳಲಿನಂತೆ ನುಡಿಯುತ್ತದೆ. 20.8 ಸೆಂ.ಮೀ. ಪೈಪಿಗೆ ಆ ಸ್ವರ 660 ಹರ್ಟ್ಸಿನ ಸುತ್ತ, ಅಂದರೆ ಹಾಡುವವರ ದನಿ ಇರುವ ಜಾಗದಲ್ಲೇ ಬೀಳುತ್ತದೆ. ವಿನ್‌ಐಎಸ್‌ಡಿ ಇದನ್ನು ಅಂಕಿಯಾಗಿ ತೋರಿಸುತ್ತದೆ, ಬಹಳ ಜನ ಗಮನಿಸುವುದಿಲ್ಲ. ವೂಫರ್, ಟ್ವೀಟರ್ ಎರಡೇ ಇರುವ ಟೂ-ವೇ ಸ್ಪೀಕರಿನಲ್ಲಿ ಪೋರ್ಟನ್ನು ಹಿಂಬದಿಗೆ ಹಾಕುವುದಕ್ಕೆ ಮುಖ್ಯ ಕಾರಣ ಇದು. ಗೋಡೆಗೆ ಒತ್ತಿಯೇ ಇಡಬೇಕಾದ ಮನೆಯಾದರೆ ಮುಚ್ಚಿದ ಪೆಟ್ಟಿಗೆಯೇ ಆಗಲಿ. ಇಳಿದ ಬೇಸಿನಲ್ಲಿ ಒಂದಿಷ್ಟನ್ನು ಗೋಡೆ ವಾಪಸ್ ಕೊಡುತ್ತದೆ.

22 ಲೀಟರ್ ಎಂದರೆ ಒಳಗಿನ ಖಾಲಿ ಗಾಳಿ. ಪೈಪು ಸುಮಾರು 0.9 ಲೀಟರ್, ಡ್ರೈವರಿನ ಬೆನ್ನು ಅರ್ಧದಿಂದ ಒಂದು ಲೀಟರ್, ಒಳಗಿನ ಆಸರೆ ಪಟ್ಟಿಗಳು ಇನ್ನೊಂದು ಲೀಟರ್ ತಿನ್ನುತ್ತವೆ. ಬಡಗಿಗೆ ಕೊಡುವ ಒಳ ಅಳತೆ 24.5 ಲೀಟರಿನದ್ದಾಗಿರಬೇಕು. 18 ಎಂದು ಕೊಂಡ ಪ್ಲೈವುಡ್ ನಿಜಕ್ಕೂ ಎಷ್ಟು ಮಿ.ಮೀ. ಇದೆ ಎಂದು ಅಳೆದ ಮೇಲೇ ಕಟಿಂಗ್ ಪಟ್ಟಿ ಬರೆಯಿರಿ.

ಹಾರ್ನ್‌ರೆಸ್ಪ್ ಇನ್ನೊಂದು ಜಾತಿ. ಡೇವಿಡ್ ಮ್ಯಾಕ್‌ಬೀನ್ ಬರೆದು ವರ್ಷಗಟ್ಟಲೆಯಿಂದ ಉಚಿತವಾಗಿ ಕೊಡುತ್ತಿರುವ ಇದು ನೋಡಲು ಹಳೆಯ ಕಾಲದ ಕಚೇರಿ ಫಾರಂನಂತಿದೆ, ಆದರೆ ಹಾರ್ನ್, ಟ್ಯಾಪ್ಡ್ ಹಾರ್ನ್, ಟ್ರಾನ್ಸ್‌ಮಿಷನ್ ಲೈನ್‌ನಂಥ ಉದ್ದ ಕೊಳವೆಯ ಪೆಟ್ಟಿಗೆ ಮಾಡಬೇಕೆಂದರೆ ವಿನ್‌ಐಎಸ್‌ಡಿಯಿಂದ ಆಗದು, ಇದೇ ಬೇಕು. ಇಲ್ಲಿ ಆಗುವ ಸಾಮಾನ್ಯ ತಪ್ಪು ಒಂದೇ: ಡೇಟಾಶೀಟಿನ ಎಂಎಂಎಸ್ (ಚಲಿಸುವ ದ್ರವ್ಯರಾಶಿ) ಅಂಕಿಯನ್ನು ಎಂಎಂಡಿ ಎಂಬ ಮನೆಯಲ್ಲಿ ತುಂಬುವುದು. ಎಂಎಂಎಸ್‌ನಲ್ಲಿ ಕೋನ್ ತಳ್ಳುವ ಗಾಳಿಯ ಭಾರ ಸೇರಿದೆ, ಎಂಎಂಡಿಯಲ್ಲಿ ಇಲ್ಲ. ಕೈಯಿಂದ ತುಂಬುವ ಬದಲು ಎಡಿಟ್ ಸ್ಥಿತಿಯಲ್ಲಿ ಮೊದಲು ಕೋನಿನ ವಿಸ್ತೀರ್ಣ ತುಂಬಿ, ಸಿಎಂಎಸ್ ಎಂಬ ಮನೆಯ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ವಿಎಎಸ್ ಕೊಡಿ, ಎಂಎಂಡಿ ಮೇಲೆ ಎಫ್‌ಎಸ್, ನಂತರ ಡಿಸಿ ರೋಧ, ಬಿಎಲ್ ಮೇಲೆ ಕ್ಯೂಇಎಸ್, ಆರ್‌ಎಂಎಸ್ ಮೇಲೆ ಕ್ಯೂಎಂಎಸ್. ಇದೇ ಕ್ರಮದಲ್ಲಿ ಹೋದರೆ ಅಂಕಿಗಳು ತಾಳೆಯಾಗುತ್ತವೆ.

ಫೋನಿನ ಆ್ಯಪ್‌ಗಳು ಕಾರಿನ ಸಬ್‌ವೂಫರ್ ಪೆಟ್ಟಿಗೆಗೆ ಸಾಕು. ವಿಸಾಟನ್ ಕಂಪನಿಯ ಬಾಕ್ಸ್‌ಸಿಮ್ ಅವರದೇ ಡ್ರೈವರುಗಳನ್ನು ಬಳಸುವವರಿಗೆ ಮಾತ್ರ ನಿಜವಾಗಿ ಉಪಯೋಗ. ಹಣ ಕೊಟ್ಟು ಕೊಳ್ಳುವ ಬಾಸ್‌ಬಾಕ್ಸ್ ಪ್ರೊ, ಸೌಂಡ್‌ಈಸಿಯಂಥವು ಮೊದಲ ಎರಡು-ಮೂರು ಜೊತೆ ಸ್ಪೀಕರಿಗೆ ಬೇಕಾಗುವುದಿಲ್ಲ. ಆ ಹಣಕ್ಕೆ ಒಂದು ಮೈಕ್ ಬರುತ್ತದೆ.

ಬೆಂಗಳೂರಿನ ಎತ್ತರ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ ಹೆದರುವಷ್ಟಲ್ಲ. ಊರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಶೇಕಡ 90ರಷ್ಟು. ವಿಎಎಸ್ ಎಂಬುದು ಗಾಳಿಯ ಒತ್ತಡಕ್ಕೆ ನೇರ ಅನುಪಾತದಲ್ಲಿರುವುದರಿಂದ ಡೇಟಾಶೀಟಿನ 24 ಲೀಟರ್ ಇಲ್ಲಿ 21.5 ಲೀಟರಿನಂತೆ ವರ್ತಿಸುತ್ತದೆ. ನಮ್ಮ 9.75 ಲೀಟರಿನ ಮುಚ್ಚಿದ ಪೆಟ್ಟಿಗೆಯ ಕ್ಯೂಟಿಸಿ 0.707ರ ಬದಲು 0.68 ಆಗುತ್ತದೆ. ಕಿವಿಗೆ ಗೊತ್ತಾಗದು. ಪೋರ್ಟಿನ ಹೊಂದಾಣಿಕೆ ನಿಂತಿರುವುದು ಶಬ್ದದ ವೇಗದ ಮೇಲೆ. ಅದು ತಾಪಮಾನದಿಂದ ಬದಲಾಗುತ್ತದೆ, ಎತ್ತರದಿಂದಲ್ಲ. ಹಾಗಾಗಿ ಪೈಪಿನ ಉದ್ದ ಮೈಸೂರಿಗೂ ಮಂಗಳೂರಿಗೂ ಒಂದೇ.

ವಿನ್‌ಐಎಸ್‌ಡಿಯ ಆಯ್ಕೆಗಳಲ್ಲಿ ತಾಪಮಾನ, ಒತ್ತಡ ತುಂಬುವ ಜಾಗವಿದೆ. ಅಲ್ಲಿ ಫೋನಿನ ಹವಾಮಾನ ಆ್ಯಪ್ ತೋರಿಸುವ 1010, 1013 ಹಾಕಬೇಡಿ. ಅದು ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಅಂಕಿ. ಇಲ್ಲಿನ ನಿಜವಾದ ಒತ್ತಡ 905ರಿಂದ 910 ಹೆಕ್ಟೊಪಾಸ್ಕಲ್ ಆಸುಪಾಸು.

ಅಳತೆಗೆ: ಆರ್‌ಇಡಬ್ಲ್ಯೂ

ಇಲ್ಲಿ ಆಯ್ಕೆಯ ತಲೆನೋವು ಕಡಿಮೆ. ಜಾನ್ ಮುಲ್ಕಾಹಿಯವರ ರೂಮ್ ಇಕ್ಯೂ ವಿಜರ್ಡ್, ಅಂದರೆ ಆರ್‌ಇಡಬ್ಲ್ಯೂ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇಂಪೀಡೆನ್ಸ್, ಟಿ/ಎಸ್, ಮೈಕಿನ ಅಳತೆ ಎಲ್ಲವೂ ಉಚಿತ ಆವೃತ್ತಿಯಲ್ಲೇ ಇವೆ. ಕ್ರೊಯೇಷಿಯಾದ ಐವೋ ಮಾತೆಲ್ಯಾನ್ ಬರೆದ ಆರ್ಟಾ, ಅದರ ಜೊತೆಗಿನ ಲಿಂಪ್ ಕೂಡ ಉತ್ತಮವಾದವೇ. ಆದರೆ ವಿಂಡೋಸಿಗೆ ಮಾತ್ರ, ಮತ್ತು ಹೊಸಬರಿಗೆ ಆರ್‌ಇಡಬ್ಲ್ಯೂ ಸಹಾಯಪುಟಗಳು ಹೆಚ್ಚು ತಾಳ್ಮೆಯಿಂದ ಹೇಳಿಕೊಡುತ್ತವೆ.

ಮಾರುಕಟ್ಟೆಯಲ್ಲಿ ಡೇಟಾಶೀಟೇ ಇಲ್ಲದ ಡ್ರೈವರುಗಳು ರಾಶಿ ರಾಶಿ ಸಿಗುತ್ತವೆ. ಅವನ್ನು ಕೊಂಡವರಿಗೆ ಮೊದಲು ಬೇಕಾದದ್ದು ಪೆಟ್ಟಿಗೆಯ ಸಾಫ್ಟ್‌ವೇರ್ ಅಲ್ಲ, ಇಂಪೀಡೆನ್ಸ್ ಅಳೆಯುವ ಸಣ್ಣ ಸರ್ಕ್ಯೂಟ್. ಬೇಕಾದ ಸಾಮಾನು: 100 ಓಮಿನ ಶೇಕಡ 1 ನಿಖರತೆಯ ಒಂದು ರೆಸಿಸ್ಟರ್, ಎರಡು 3.5 ಮಿ.ಮೀ. ಸ್ಟೀರಿಯೊ ಜ್ಯಾಕ್, ಎರಡು ಮೊಸಳೆ ಕ್ಲಿಪ್, ಗಜದಷ್ಟು ಶೀಲ್ಡ್ ವೈರ್. ಹೆಡ್‌ಫೋನ್ ಔಟ್‌ಪುಟ್ ರೆಸಿಸ್ಟರಿನ ಮೂಲಕ ಡ್ರೈವರಿಗೆ ಹೋಗುತ್ತದೆ. ರೆಸಿಸ್ಟರಿಗೆ ಮುಂಚಿನ ತುದಿಯಿಂದ ಒಂದು ತಂತಿ ಒಂದು ಇನ್‌ಪುಟ್ಟಿಗೆ, ಡ್ರೈವರ್ ಕಡೆಯ ತುದಿಯಿಂದ ಇನ್ನೊಂದು ತಂತಿ ಇನ್ನೊಂದು ಇನ್‌ಪುಟ್ಟಿಗೆ. ನೆಲ ಎಲ್ಲಕ್ಕೂ ಒಂದೇ. ಸೌಂಡ್ ಕಾರ್ಡಿಗೆ ಸ್ಟೀರಿಯೊ ಲೈನ್ ಇನ್‌ಪುಟ್ ಇರಲೇಬೇಕು. ಲ್ಯಾಪ್‌ಟಾಪಿನ ಹೆಡ್‌ಸೆಟ್ ಜ್ಯಾಕಿನಲ್ಲಿ, ಕಡಿಮೆ ಬೆಲೆಯ ಬಹುತೇಕ ಯುಎಸ್‌ಬಿ ಕಡ್ಡಿಗಳಲ್ಲಿ ಮೈಕ್ ಇನ್‌ಪುಟ್ ಒಂದೇ ಚಾನೆಲ್. ಅದರಲ್ಲಿ ಈ ಕೆಲಸ ಆಗುವುದಿಲ್ಲ.

ತಂತಿ ತೆರೆದಿಟ್ಟು ಒಮ್ಮೆ, ತುದಿಗಳನ್ನು ಸೇರಿಸಿ ಒಮ್ಮೆ, ಎಷ್ಟು ಓಮ್ ಎಂದು ಗೊತ್ತಿರುವ ರೆಸಿಸ್ಟರ್ ಹಾಕಿ ಒಮ್ಮೆ ಕ್ಯಾಲಿಬ್ರೇಷನ್ ಮಾಡಿ. ಡಿಸಿ ರೋಧವನ್ನು ಮಲ್ಟಿಮೀಟರಿನಿಂದ ಅಳೆದು ಕೈಯಿಂದ ತುಂಬಿ. ಸೌಂಡ್ ಕಾರ್ಡ್ ಡಿಸಿಯನ್ನು ಅಳೆಯಲಾರದು. ಗ್ರಾಫಿನಲ್ಲಿ 50, 100, 150 ಹರ್ಟ್ಸಿನಲ್ಲಿ ಮುಳ್ಳುಗಳು ಎದ್ದರೆ ಅದು ಕರೆಂಟಿನ ಗುಂಯ್‌ಗುಟ್ಟುವಿಕೆ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ.

ವಿಎಎಸ್ ತಿಳಿಯಲು ಕೋನಿಗೆ ತೂಕ ಅಂಟಿಸಿ ಎರಡನೇ ಸಲ ಅಳೆಯಬೇಕು. ಎಫ್‌ಎಸ್ ಕಾಲು ಭಾಗವಾದರೂ ಇಳಿಯುವಷ್ಟು ತೂಕ ಬೇಕು. ನಾಣ್ಯ ಅಂಟಿಸಬೇಡಿ. ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಎಳೆಯಲ್ಪಡುವ ಸ್ಟೇನ್‌ಲೆಸ್ ಸ್ಟೀಲಿನವು. ಡ್ರೈವರಿನ ಅಯಸ್ಕಾಂತ ಅವನ್ನು ಎಳೆದು ಅಳತೆಯನ್ನೇ ಕೆಡಿಸುತ್ತದೆ. ಮಕ್ಕಳ ಕ್ಲೇ ಅಥವಾ ಬ್ಲೂ-ಟ್ಯಾಕ್ ಅನ್ನು ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, ಎರಡು ಸಮ ಉಂಡೆ ಮಾಡಿ, ಮಧ್ಯದ ಟೊಪ್ಪಿಯ ಎರಡು ಬದಿಗೆ ಗಟ್ಟಿಯಾಗಿ ಒತ್ತಿ. ಸಡಿಲವಾಗಿದ್ದರೆ ಗ್ರಾಫಿನ ಶಿಖರದಲ್ಲಿ ಒಂದು ಸಣ್ಣ ಬಾಗು ಕಾಣುತ್ತದೆ. ಈ ವಿಧಾನದಲ್ಲಿ ಬರುವ ವಿಎಎಸ್ ಕೂಡ ಸಾಫ್ಟ್‌ವೇರ್ ಯಾವ ಗಾಳಿಯ ಒತ್ತಡ ಊಹಿಸಿದೆ ಎಂಬುದರ ಮೇಲಿದೆ. ತೂಕದ ಬದಲು ಅಳತೆ ಗೊತ್ತಿರುವ ಮುಚ್ಚಿದ ಪೆಟ್ಟಿಗೆಗೆ ಹಾಕಿ ಅಳೆದರೆ ನೇರವಾಗಿ ಬೆಂಗಳೂರಿನ ವಿಎಎಸ್ಸೇ ಸಿಗುತ್ತದೆ.

ಮೈಕಿನ ಅಳತೆಗೆ ಸಾಮಾನ್ಯ ಮನೆಯ ಕೋಣೆ ಸಾಕು, ಆದರೆ ಅದರ ಮಿತಿ ತಿಳಿದಿರಲಿ. 3 ಮೀಟರ್ ಎತ್ತರದ ಕೋಣೆಯಲ್ಲಿ ಟ್ವೀಟರನ್ನೂ ಮೈಕನ್ನೂ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ನಡುವೆ 1 ಮೀಟರ್ ಬಿಟ್ಟು ನಿಲ್ಲಿಸಿ. ನೇರ ಶಬ್ದ 1 ಮೀಟರ್ ನಡೆದರೆ ನೆಲಕ್ಕೆ ಬಡಿದು ಬರುವುದು 3.16 ಮೀಟರ್ ನಡೆಯುತ್ತದೆ. ವ್ಯತ್ಯಾಸ 6.3 ಮಿಲಿಸೆಕೆಂಡ್. ಸೂರಿನಿಂದ ಬರುವುದೂ ಅಷ್ಟೇ ತಡ. ಆ 6 ಮಿಲಿಸೆಕೆಂಡಿನ ನಂತರದ್ದನ್ನು ಕತ್ತರಿಸಿದರೆ ಉಳಿಯುವುದು ಸ್ಪೀಕರಿನ ದನಿ ಮಾತ್ರ, ಆದರೆ 160 ಹರ್ಟ್ಸಿಗಿಂತ ಕೆಳಗಿನದ್ದು ನಂಬಲಾಗದು. ಗೋಡೆಗಳೂ ಅಷ್ಟೇ ದೂರವಿರಬೇಕು. ಹತ್ತಡಿ ಅಗಲದ ಕೋಣೆಯಾದರೆ ನಟ್ಟನಡುವೆ ನಿಲ್ಲಿಸಿ.

ಕೆಳಗಿನದ್ದಕ್ಕೆ ಮೈಕನ್ನು ಕೋನಿನ ಮೂತಿಗೇ ಹಿಡಿಯಬೇಕು. ಡಾನ್ ಕೀಲ್ 1974ರಲ್ಲಿ ತೋರಿಸಿದ ನಿಯಮದಂತೆ ದೂರ ಕೋನಿನ ತ್ರಿಜ್ಯದ 0.11 ಪಟ್ಟು ಮೀರಬಾರದು, ನಮ್ಮ ವೂಫರಿಗೆ 7 ಮಿ.ಮೀ. ಈ ಅಳತೆ ಸುಮಾರು 840 ಹರ್ಟ್ಸಿನವರೆಗೆ ಸರಿ. ಪೋರ್ಟಿನ ಬಾಯಿಯಲ್ಲೂ ಇನ್ನೊಂದು ಅಳತೆ ತೆಗೆದು, ವ್ಯಾಸದ ಅನುಪಾತಕ್ಕೆ ತಕ್ಕಂತೆ 5.3 ಡೆಸಿಬೆಲ್ ಇಳಿಸಿ ಕೂಡಿಸಿ. ಕೊನೆಗೆ 200ರಿಂದ 500 ಹರ್ಟ್ಸಿನ ನಡುವೆ ಎಲ್ಲಾದರೂ ಹತ್ತಿರದ್ದನ್ನೂ ದೂರದ್ದನ್ನೂ ಹೊಲಿಯಿರಿ.

ರಸ್ತೆಯ ಸದ್ದು ದೊಡ್ಡ ತೊಡಕು. ಬಸ್ಸು, ಆಟೋಗಳ ಗದ್ದಲ 200 ಹರ್ಟ್ಸಿನ ಕೆಳಗೇ ಹೆಚ್ಚು. ರಾತ್ರಿ ಹನ್ನೊಂದರ ನಂತರ, ಫ್ಯಾನ್, ಫ್ರಿಜ್ ಆರಿಸಿ, ಸ್ವೀಪನ್ನು (ಕೆಳಗಿನಿಂದ ಮೇಲಕ್ಕೆ ಏರುವ ಅಳತೆಯ ಸ್ವರ) ಉದ್ದ ಮಾಡಿ ಅಳೆಯಿರಿ. ದನಿ ಏರಿಸುವುದಕ್ಕಿಂತ ಸ್ವೀಪ್ ಉದ್ದ ಮಾಡುವುದು ಟ್ವೀಟರಿಗೂ ಕ್ಷೇಮ, ಪಕ್ಕದ ಮನೆಯವರಿಗೂ.

ಕ್ರಾಸ್‌ಓವರಿಗೆ: ಎಕ್ಸ್‌ಸಿಮ್ ಮತ್ತು ವಿಟುಯಿಕ್ಸ್‌ಕ್ಯಾಡ್

ಆಯ್ಕೆ ನಿಜವಾಗಿ ಕಷ್ಟವಾಗುವುದು ಇಲ್ಲಿ. ಎಕ್ಸ್‌ಸಿಮ್ ಬಿಲ್ ವಾಸ್ಲೊ ಅವರದು, ವಿಟುಯಿಕ್ಸ್‌ಕ್ಯಾಡ್ ಫಿನ್ಲೆಂಡಿನ ಕಿಮ್ಮೊ ಸೌನಿಸ್ತೊ ಅವರದು. ಎರಡೂ ವಿಂಡೋಸ್, ಮನೆ ಬಳಕೆಗೆ ಎರಡೂ ಉಚಿತ. ಎರಡೂ ಎಫ್‌ಆರ್‌ಡಿ, ಜಡ್‌ಎಂಎ ಕಡತಗಳನ್ನು ಓದುತ್ತವೆ: ಮೊದಲನೆಯದು ರೆಸ್ಪಾನ್ಸ್ (ಯಾವ ಸ್ವರ ಎಷ್ಟು ಜೋರು), ಎರಡನೆಯದು ಇಂಪೀಡೆನ್ಸ್, ಒಂದೊಂದು ಸಾಲಿನಲ್ಲಿ ಆವರ್ತನ, ಪ್ರಮಾಣ, ಫೇಸ್ (ತರಂಗ ಎಷ್ಟು ಹಿಂದು-ಮುಂದು).

ಎಕ್ಸ್‌ಸಿಮ್ ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ. ಡ್ರೈವರ್ ಇಡಿ, ಕಾಯಿಲ್, ಕೆಪಾಸಿಟರ್ ಎಳೆದು ಜೋಡಿಸಿ, ಅವುಗಳ ಮೌಲ್ಯ ತಿರುಗಿಸಿದಂತೆ ಗ್ರಾಫ್ ಕಣ್ಣೆದುರೇ ಅಲುಗುತ್ತದೆ. ಯಾವ ಭಾಗ ಏನು ಮಾಡುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಆದರೆ ಅದು ನೋಡುವುದು ಒಂದೇ ದಿಕ್ಕನ್ನು, ಮೈಕ್ ನಿಂತಿದ್ದ ದಿಕ್ಕನ್ನು.

ಅದರಿಂದ ಏನು ಕಳೆದುಕೊಳ್ಳುತ್ತೀರಿ ಎಂದು ಲೆಕ್ಕದಲ್ಲೇ ನೋಡಿ. ವೂಫರ್, ಟ್ವೀಟರ್ ಕೇಂದ್ರಗಳ ನಡುವೆ 18 ಸೆಂ.ಮೀ., ಕ್ರಾಸ್‌ಓವರ್ 2,500 ಹರ್ಟ್ಸಿನಲ್ಲಿ. ಅಲ್ಲಿ ತರಂಗದ ಉದ್ದ 13.8 ಸೆಂ.ಮೀ. ನೇರ ಎದುರಿಗೆ ಎರಡೂ ಕೂಡಿ ಗ್ರಾಫ್ ಗೆರೆ ಎಳೆದಂತೆ ಸಮ. ಈಗ ಆ ಸ್ಪೀಕರನ್ನು ಟಿವಿ ಶೋಕೇಸಿನ ಮೇಲಿಟ್ಟು, ಎರಡು ಮೀಟರ್ ದೂರದಲ್ಲಿ ಚಾಪೆ ಹಾಕಿ ಕುಳಿತು ಕೇಳಿ. ಕಿವಿ 15 ಡಿಗ್ರಿ ಕೆಳಗಿದೆ. ದಾರಿಯ ವ್ಯತ್ಯಾಸ 4.7 ಸೆಂ.ಮೀ., ಫೇಸಿನಲ್ಲಿ 120 ಡಿಗ್ರಿ. ಅದೇ ಕ್ರಾಸ್‌ಓವರಿನಲ್ಲಿ 6 ಡೆಸಿಬೆಲ್ ಹಳ್ಳ ಬೀಳುತ್ತದೆ. ಎಕ್ಸ್‌ಸಿಮ್ ಇದನ್ನು ತೋರಿಸುವುದಿಲ್ಲ. ವಿಟುಯಿಕ್ಸ್‌ಕ್ಯಾಡ್ ತೋರಿಸುತ್ತದೆ: ಸುತ್ತಲಿನ ಎಲ್ಲ ಕೋನಗಳ ರೆಸ್ಪಾನ್ಸ್, ಕೋಣೆಗೆ ಒಟ್ಟಾರೆ ಹರಡುವ ಶಕ್ತಿ, ಕೇಳುವ ಜಾಗದಲ್ಲಿ ಬರುವ ಅಂದಾಜು, ಎಲ್ಲವೂ ಒಂದೇ ಪರದೆಯಲ್ಲಿ ಒಟ್ಟಿಗೆ ಅಲುಗುತ್ತವೆ. ಸ್ಪೀಕರ್ ಕಿವಿಯ ಎತ್ತರದಲ್ಲಿಡುವ ಜಾಗವಿಲ್ಲದ ಮನೆಗೆ ಈ ಒಂದು ಗುಣಕ್ಕಾಗಿಯೇ ನಾವು ವಿಟುಯಿಕ್ಸ್‌ಕ್ಯಾಡ್ ಕಡೆಗೆ ವಾಲುತ್ತೇವೆ.

ಅದು ಕೇಳುವ ಬೆಲೆ ಅಳತೆಯಲ್ಲಿದೆ. ಒಂದೊಂದು ಡ್ರೈವರನ್ನೂ 0ಯಿಂದ 180 ಡಿಗ್ರಿಯವರೆಗೆ 10 ಡಿಗ್ರಿಗೊಂದರಂತೆ ಅಳೆಯಬೇಕು: ಡ್ರೈವರಿಗೆ 19, ಟೂ-ವೇಗೆ 38. ತಿರುಗುವ ಸ್ಟೂಲಿನ ಮೇಲೆ ಕೋನಮಾಪಕ ಅಂಟಿಸಿದರೆ ಎರಡು ಗಂಟೆಯ ಕೆಲಸ. ತಿರುಗುವ ಅಕ್ಷ ಬ್ಯಾಫಲಿನ (ಡ್ರೈವರ್ ಕೂರುವ ಮುಂದಿನ ಹಲಗೆ) ಮುಂಭಾಗದ ನೇರಕ್ಕೆ ಬರಬೇಕು, ಪೆಟ್ಟಿಗೆಯ ನಡುವಿಗಲ್ಲ. ಮೊದಲ ಸಲ ಮಾಡುವವರೆಲ್ಲ ತಪ್ಪುವುದು ಇಲ್ಲೇ, ತಪ್ಪಿದರೆ ಕೋನ ಹೆಚ್ಚಿದಂತೆ ಫೇಸ್ ಜಾರುತ್ತದೆ. ಕಡತದ ಹೆಸರಿನಲ್ಲಿ ಅಡ್ಡ ತಿರುಗಿಸಿದ್ದೋ ಲಂಬವೋ, ಎಷ್ಟು ಡಿಗ್ರಿ ಎಂಬುದಿರಬೇಕು. ಅದನ್ನು ನೋಡಿಯೇ ಸಾಫ್ಟ್‌ವೇರ್ ಕೋನ ಗುರುತಿಸುತ್ತದೆ.

ಎಲ್ಲ ಅಳತೆಗೂ ಕಾಲದ ಉಲ್ಲೇಖ ಒಂದೇ ಆಗಿರಬೇಕು. ಎರಡು ಚಾನೆಲಿನ ಆಡಿಯೊ ಇಂಟರ್‌ಫೇಸಿನಲ್ಲಿ ಒಂದಕ್ಕೆ ಮೈಕ್, ಇನ್ನೊಂದಕ್ಕೆ ಔಟ್‌ಪುಟ್ಟಿನಿಂದಲೇ ತಂತಿ ಹಾಕಿದರೆ ಇದು ತಾನಾಗಿ ಆಗುತ್ತದೆ. ಯುಮಿಕ್-1ರಂಥ ಯುಎಸ್‌ಬಿ ಮೈಕಿನಲ್ಲಿ ಎರಡನೇ ಚಾನೆಲ್ ಇಲ್ಲ. ಆಗ ಎರಡು ದಾರಿ. ಆರ್‌ಇಡಬ್ಲ್ಯೂನಲ್ಲಿ ಇನ್ನೊಂದು ಸ್ಪೀಕರಿನಿಂದ ‘ಚಿರ್ಪ್’ ಹೊಡೆಸಿ ಅದನ್ನೇ ಉಲ್ಲೇಖವಾಗಿ ಹಿಡಿಯುವುದು ಒಂದು. ಆ ಸ್ಪೀಕರೂ ಮೈಕೂ ಕೊನೆಯವರೆಗೆ ಕೂದಲೆಳೆಯಷ್ಟೂ ಕದಲಬಾರದು. ಇನ್ನೊಂದು ಮೂರು ಅಳತೆಯ ವಿಧಾನ: ಮೈಕ್ ಒಂದೇ ಜಾಗದಲ್ಲಿಟ್ಟು ಟ್ವೀಟರ್ ಮಾತ್ರ, ವೂಫರ್ ಮಾತ್ರ, ಆಮೇಲೆ ಎರಡನ್ನೂ ಸಮಾಂತರ ಜೋಡಿಸಿ. ಎಕ್ಸ್‌ಸಿಮ್‌ನಲ್ಲಿ ಮೊದಲೆರಡನ್ನು ಕೂಡಿಸಿ, ವೂಫರಿನ ವಿಳಂಬವನ್ನು ಮಿ.ಮೀ. ಮಿ.ಮೀ. ಆಗಿ ತಿರುಗಿಸುತ್ತಾ ಮೂರನೆಯದರ ಮೇಲೆ ಕೂರುವವರೆಗೆ ಹೊಂದಿಸಿ. ಚಪ್ಪಟೆ ಬ್ಯಾಫಲಿನಲ್ಲಿ ವೂಫರ್ ಸಾಮಾನ್ಯವಾಗಿ 15ರಿಂದ 30 ಮಿ.ಮೀ. ಹಿಂದೆ ಬರುತ್ತದೆ. ಟ್ವೀಟರ್ ಸುಡದಿರಲು ಸರಣಿಯಲ್ಲಿ ಕೆಪಾಸಿಟರ್ ಹಾಕಿದ್ದರೆ ಟ್ವೀಟರಿನ ಎರಡೂ ಅಳತೆಗೂ ಅದೇ ಇರಲಿ. ಮೈಕಿನ ಜೊತೆ ಬರುವ ಎರಡು ಕ್ಯಾಲಿಬ್ರೇಷನ್ ಕಡತಗಳಲ್ಲಿ ಇಲ್ಲಿಗೆ ಬೇಕಾದದ್ದು 0 ಡಿಗ್ರಿಯದು, 90ರದ್ದಲ್ಲ.

ಮೈಕೇ ಇಲ್ಲದವರು? ವಿಟುಯಿಕ್ಸ್‌ಕ್ಯಾಡಿನಲ್ಲಿ ಡೇಟಾಶೀಟಿನ ಗ್ರಾಫ್ ಚಿತ್ರದಿಂದ ಅಂಕಿ ಎತ್ತುವ ಉಪಕರಣವಿದೆ, ಆ ಅಂಕಿಯಿಂದಲೇ ಫೇಸ್ (ಮಿನಿಮಮ್ ಫೇಸ್) ಲೆಕ್ಕ ಹಾಕುವ ಉಪಕರಣವಿದೆ, ನಿಮ್ಮ ಬ್ಯಾಫಲಿನ ಅಂಚುಗಳ ಪರಿಣಾಮ ಸೇರಿಸುವ ಡಿಫ್ರಾಕ್ಷನ್ ಉಪಕರಣವಿದೆ. ಕೊನೆಯದನ್ನು ಬಿಡಲೇಬಾರದು. ಡೇಟಾಶೀಟಿನ ಗ್ರಾಫ್ ತೆಗೆದಿರುವುದು ಸಾಮಾನ್ಯವಾಗಿ ದೊಡ್ಡ ಹಲಗೆಯ ಮೇಲೆ. ನಿಮ್ಮ ಬ್ಯಾಫಲ್ 20 ಸೆಂ.ಮೀ. ಅಗಲವಿದ್ದರೆ 575 ಹರ್ಟ್ಸಿನ ಸುತ್ತ ದನಿ ಇಳಿಯತೊಡಗಿ ಕೆಳಗೆ 6 ಡೆಸಿಬೆಲ್ ಕಳೆಯುತ್ತದೆ. 115ನ್ನು ಮೀಟರಿನಲ್ಲಿರುವ ಅಗಲದಿಂದ ಭಾಗಿಸಿದರೆ ಆ ಜಾಗ ಸಿಗುತ್ತದೆ. ವಿನ್‌ಐಎಸ್‌ಡಿ ಈ ಇಳಿತ ತೋರಿಸುವುದಿಲ್ಲ, ಅದಕ್ಕೇ ಅದರಲ್ಲಿ ತುಂಬು ಬೇಸ್ ಕಂಡ ಸ್ಪೀಕರ್ ಕಟ್ಟಿದ ಮೇಲೆ ತೆಳ್ಳಗೆ ಕೇಳುತ್ತದೆ. ಗೋಡೆಯ ಹತ್ತಿರ ಇಡುವವರು ಪೂರ್ತಿ 6 ಸರಿದೂಗಿಸದೆ 3ರಿಂದ 4ಕ್ಕೆ ನಿಲ್ಲಿಸಿ. ಈ ದಾರಿಯಲ್ಲಿ ಪೆಟ್ಟಿಗೆ, ಬ್ಯಾಫಲ್ ನಿರ್ಧರಿಸಬಹುದು. ಆದರೆ ಕ್ರಾಸ್‌ಓವರಿನ ಭಾಗಗಳನ್ನು ಕೊಳ್ಳುವ ಮಟ್ಟಕ್ಕೆ ಇದನ್ನು ನಂಬಬೇಡಿ. ಮೈಕ್ ಬರುವವರೆಗೆ ಬೇರೆಯವರು ಅಳೆದು, ಕಟ್ಟಿ, ನಕ್ಷೆ ಹಂಚಿಕೊಂಡ ವಿನ್ಯಾಸವನ್ನೇ ಹಾಗೆ ಹಾಗೇ ಕಟ್ಟುವುದು ಜಾಣತನ.

ಪರದೆಯಿಂದ ಬೆಸುಗೆಗೆ

ಎರಡೂ ಸಾಫ್ಟ್‌ವೇರುಗಳಲ್ಲಿ ಕಾಯಿಲ್ ಇಟ್ಟಾಗ ಅದರ ರೋಧ ಸೊನ್ನೆ ಎಂದು ಬಿಡಬೇಡಿ. ವೂಫರಿನ ಸರಣಿಯ ಕಾಯಿಲ್ 0.5 ಓಮ್ ಇದ್ದರೆ ನಮ್ಮ ವೂಫರಿನ ಕ್ಯೂಇಎಸ್ 0.42ರಿಂದ 0.455ಕ್ಕೆ, ಕ್ಯೂಟಿಎಸ್ 0.41ಕ್ಕೆ ಏರುತ್ತದೆ. 9.75 ಲೀಟರಿನ ಪೆಟ್ಟಿಗೆಯ ಕ್ಯೂಟಿಸಿ 0.76 ಆಗುತ್ತದೆ, 0.707 ಉಳಿಸಿಕೊಳ್ಳಬೇಕೆಂದರೆ 12 ಲೀಟರ್ ಬೇಕು. ಹಾಗಾಗಿ ಕ್ರಾಸ್‌ಓವರಿನ ಅಂದಾಜು ಸಿಗುವ ತನಕ ಪ್ಲೈವುಡ್ ಕತ್ತರಿಸಬೇಡಿ. ಸಿದ್ಧ ಕಾಯಿಲ್ ಸಿಗದಿದ್ದರೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಕೊಡುವ 18 ಗೇಜಿನ, ಅಂದರೆ 1.22 ಮಿ.ಮೀ. ಎನಾಮಲ್ ತಂತಿ ಕೊಂಡು ಸುತ್ತಿ. ನಾಲ್ಕೈದು ಸುತ್ತು ಹೆಚ್ಚೇ ಸುತ್ತಿ, ಇಂಡಕ್ಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ಹಿಡಿದು ಬಿಚ್ಚುತ್ತಾ ಬನ್ನಿ.

ಭಾಗಗಳ ಮೌಲ್ಯವನ್ನು ತಾನೇ ಹುಡುಕುವ ಆಪ್ಟಿಮೈಜರ್ 5.37 ಮೈಕ್ರೋಫ್ಯಾರಡ್ ಎಂದರೆ ಅಂಗಡಿಯಲ್ಲಿ ಅದು ಸಿಗುವುದಿಲ್ಲ, 4.7ಕ್ಕೆ 0.68 ಸಮಾಂತರ ಹಾಕಿದರೆ 5.38. ಭಾಗಗಳ ಮೌಲ್ಯವನ್ನು ಶೇಕಡ 5ರಷ್ಟು ಆಚೀಚೆ ತಿರುಗಿಸಿ ಗ್ರಾಫ್ ಎಷ್ಟು ಅಲುಗುತ್ತದೆ ನೋಡಿ. ಬಹಳ ಅಲುಗಿದರೆ ವಿನ್ಯಾಸವೇ ನಾಜೂಕು, ಬದಲಿಸಿ. ಇಂಪೀಡೆನ್ಸ್ ಗ್ರಾಫನ್ನೂ ತೆರೆದಿಡಿ: ಆಪ್ಟಿಮೈಜರಿಗೆ ರೆಸ್ಪಾನ್ಸ್ ಮಾತ್ರ ಗುರಿ ಕೊಟ್ಟರೆ ಅದು ಆಂಪ್ಲಿಫೈಯರಿನ ಗೊಡವೆಗೆ ಹೋಗದೆ ಇಂಪೀಡೆನ್ಸನ್ನು 2 ಓಮಿಗೂ ಇಳಿಸಿಬಿಡುತ್ತದೆ. 4 ಓಮ್ ಎನ್ನಬೇಕಾದರೆ ಎಲ್ಲಿಯೂ 3.2ಕ್ಕಿಂತ ಕೆಳಗಿಳಿಯಬಾರದು.

ಪೆಟ್ಟಿಗೆ ಸಿದ್ಧವಾದ ಮೇಲೆ ಅದೇ 100 ಓಮಿನ ಸರ್ಕ್ಯೂಟ್ ಮತ್ತೆ ಕೆಲಸಕ್ಕೆ ಬರುತ್ತದೆ. ಪೋರ್ಟ್ ಪೆಟ್ಟಿಗೆಯ ಇಂಪೀಡೆನ್ಸಿನಲ್ಲಿ ಎರಡು ಶಿಖರ, ನಡುವೆ ಒಂದು ಕಣಿವೆ. ಕಣಿವೆಯ ತಳ ಇರುವುದೇ ಪೆಟ್ಟಿಗೆ ಹೊಂದಿಕೊಂಡ ಆವರ್ತನ. 45 ಬೇಕಿದ್ದು 42 ಬಂದರೆ ಪೈಪು ಉದ್ದವಾಗಿದೆ; ಅರ್ಧರ್ಧ ಸೆಂ.ಮೀ. ಕತ್ತರಿಸುತ್ತಾ ಅಳೆಯುತ್ತಾ ಹೋಗಿ. 48 ಬಂದರೆ ಪೈಪು ಗಿಡ್ಡ, ಬೇರೆ ತುಂಡು ಬೇಕು. ಅದಕ್ಕೇ ಮೊದಲ ಸಲ ಒಂದೆರಡು ಸೆಂ.ಮೀ. ಹೆಚ್ಚೇ ಇಟ್ಟು, ಅಂಟು ಹಾಕದೆ ಟೇಪ್ ಸುತ್ತಿ ಕೂರಿಸಿ. ಕಣಿವೆ ಆಳವಾಗಿಲ್ಲದೆ ಮೇಲೇ ನಿಂತು, ಶಿಖರಗಳೂ ಮೊಂಡಾಗಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಟರ್ಮಿನಲ್ ಬಟ್ಟಲು, ವೂಫರಿನ ಗ್ಯಾಸ್ಕೆಟ್, ಮೂಲೆಗಳು, ಈ ಮೂರನ್ನೂ ಅದೇ ಕ್ರಮದಲ್ಲಿ ಹುಡುಕಿ.